ನನ್ನ ಕಡೆಯ ಬ್ರೇಕು

ಮಾನ್ಯ ಅಧ್ಯಕ್ಷರೇ, ಸಂಜೆ ತರಗತಿಯ ಮೇಡಂ ಅವರೇ, ಮುಂದಿನ ಸಾಲಿನಲ್ಲಿ ಕುಳಿತು ಆಗಲೇ ಗಡಿಯಾರ ನೋಡುತ್ತಿರುವ ನನ್ನ ಮನೆಯವರೇ, ಸಭಿಕರೇ,

ಕಾರು ಕಲಿಸುವುದರಲ್ಲೇ ಆಯುಷ್ಯ ಸವೆಸಿದವನಿಗೆ ಕಂಪ್ಯೂಟರಿನಲ್ಲಿ ಕಥೆ ಬರೆದದ್ದಕ್ಕೆ ಸನ್ಮಾನವೆಂದರೆ, ಅದು ಯಾರ ಧೈರ್ಯ? ಖಂಡಿತ ನನ್ನದಲ್ಲ, ಮೇಡಂ ಅವರದು. "ಸಾರ್, ಈ ಕಂಪ್ಯೂಟರ್ ಭಾಷೆ ತುಂಬಾ ಸುಲಭ. ಕಥೆ ಬರೀರಿ, ಕೆಳಗೆ ಓದುಗರು ಆರಿಸಿಕೊಳ್ಳೋಕೆ ಎರಡು ದಾರಿ ಕೊಡಿ, ಪ್ರತಿ ದಾರಿಗೂ ಒಂದು ಬಾಣ ಹಾಕಿ. ಬಾಣ ತೋರಿಸಿದ ಪುಟಕ್ಕೆ ಕಥೆ ಹೋಗುತ್ತೆ" ಎಂದರು. ದಾರಿ, ತಿರುವು, ಬಾಣ. ಇದು ನನ್ನ ಕಸುಬೇ ಅಲ್ಲವೇ?

ಕಲಿಸುವ ಕಾರಿನಲ್ಲಿ ಎರಡು ಬ್ರೇಕುಗಳಿರುತ್ತವೆ. ಒಂದು ಕಲಿಯುವವರ ಕಾಲಡಿ, ಇನ್ನೊಂದು ನನ್ನ ಕಾಲಡಿ. ಊಟದ ಮೇಜಿನ ಕೆಳಗೂ ನನ್ನ ಬಲಗಾಲು ಸುಮ್ಮನಿರುವುದಿಲ್ಲವೆಂದು ಮಗಳು ನಗುತ್ತಾಳೆ. ಇರಲಿ, ವಿಷಯಕ್ಕೆ ಬರೋಣ.

ನನ್ನ ಕಥೆಯ ನಾಯಕಿ ದರ್ಜಿ. ನಿವೃತ್ತನಾದ ಗಂಡ ಕೇಳುತ್ತಾನೆ: ಅಂಗಡಿ ಮುಚ್ಚಿ ಮನೆಯಲ್ಲಿರುತ್ತೀಯಾ? "ಆಗಲಿ" ಒತ್ತಿದರೆ ಇಬ್ಬರೂ ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಾರೆ. "ಇಲ್ಲ" ಒತ್ತಿದರೆ ಬಾಣ ಮೊದಲ ಪುಟಕ್ಕೇ ತಿರುಗುತ್ತದೆ, ಗಂಡ ಮತ್ತೆ ಕೇಳುತ್ತಾನೆ. ಇದೂ ಸುರಕ್ಷತೆಯ ದೃಷ್ಟಿಯಿಂದಲೇ.

ನನ್ನ ಮನೆಯವರೂ ದರ್ಜಿ. ಅದು ಆಕಸ್ಮಿಕ. ಅವರು ಕಥೆ ಓದಿ "ಇಲ್ಲ" ಒತ್ತಿದರು. ಮತ್ತೆ ಒತ್ತಿದರು. ಒಲೆಯ ಮೇಲೆ ಹಾಲು ಉಕ್ಕಿದರೂ ಏಳದೆ ಒತ್ತಿದರು. ಕೊನೆಗೆ ತಣ್ಣಗೆ, "ರೀ, ಇದರಲ್ಲೂ ನಿಮ್ಮ ಕಡೆ ಒಂದು ಬ್ರೇಕು ಇಟ್ಕೊಂಡಿದ್ದೀರಲ್ಲ" ಎಂದರು.

ನನಗೆ ನೋವಾಯಿತು, ಸಭಿಕರೇ. ಮಧ್ಯಾಹ್ನದ ಹೊತ್ತು ಖಾಲಿ ಮನೆಯಲ್ಲಿ ಒಬ್ಬನೇ ಕೂರುವುದೆಂದರೆ ನನಗೆ ಭಯ. ಬಾಯಿಬಿಟ್ಟು ಹೇಳಲಾರದೆ ಕಥೆ ಬರೆದಿದ್ದೆ. ಇದನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ, ಹೇಗೋ ಬಾಯಿಗೆ ಬಂತು.

ಮರುದಿನ ಅವರೇ ತರಗತಿಗೆ ಬಂದರು. ಮೇಡಂ ಹತ್ತಿರ ಕೇಳಿ ಕಲಿತು, ಮೂರನೆಯ ದಾರಿ ಸೇರಿಸಿದರು: "ಅಂಗಡಿ ಮುಚ್ಚಲ್ಲ. ನೀವೇ ಬನ್ನಿ, ಗುಂಡಿ ಹೊಲಿಯೋರು ಬೇಕು." ಬಾಣ ಹಾಕಿ, ಮುಂದಿನ ಪುಟ ಖಾಲಿ ಬಿಟ್ಟು, "ಇದನ್ನ ನೀವು ಬರೀರಿ" ಎಂದರು.

ಈ ಸನ್ಮಾನ ಸಿಕ್ಕಿದ್ದು ನಾನು ಬರೆದ ಆ ಪುಟಕ್ಕೆ. ಅದರಲ್ಲಿ ಗಂಡ ಬೆರಳಿಗೆ ಸೂಜಿ ಚುಚ್ಚಿಕೊಳ್ಳುವುದು ಕಲ್ಪನೆಯಲ್ಲ. ಬೇಕಾದವರು ಬೆರಳು ನೋಡಬಹುದು.

ಅಧ್ಯಕ್ಷರು ಊಟಕ್ಕೆ ನಿಲ್ಲಿ ಎಂದಿದ್ದಾರೆ, ಕ್ಷಮಿಸಬೇಕು. ಗಿರಾಕಿಯೊಬ್ಬರ ಕೋಟಿನ ಗುಂಡಿಗಳನ್ನು ಸಂಜೆಯೊಳಗೆ ಹೊಲಿಯಬೇಕಿದೆ. ನನ್ನ ಮನೆಯವರು ಎದ್ದು ನಿಂತೇಬಿಟ್ಟಿದ್ದಾರೆ. ಕಥೆ ಕಲಿಸಿದ ಮೇಡಂ ಅವರಿಗೆ, ಸಹಿಸಿದ ನಿಮಗೆ, ಈ ವಯಸ್ಸಿನಲ್ಲಿ ಕೆಲಸ ಕೊಟ್ಟ ಮಾಲೀಕರಿಗೆ ವಂದನೆಗಳು. ನಮಸ್ಕಾರ.