ಕೆಳಗಿನ ಸಾಲಿನ ಅಮ್ಮಂದಿರು

ಅಧ್ಯಕ್ಷ ಸ್ಥಾನದಲ್ಲಿರುವ, ಅಣಬೆಯೇ ಕುಲಚಿಹ್ನೆಯಾದ ಅಣಬೆ ಬೆಡಗಿನ ಹಿರಿಯರೂ ನನ್ನ ಗಂಡನ ಅಣ್ಣನೂ ಆದ ಲಾವ್ರೆನ್ಸಿಯೋ ಅವರೇ, ಮಸಾಕಾದಿಂದ ಆ ಹಾಳು ರಸ್ತೆಯಲ್ಲಿ ಕುಲುಕಿಕೊಂಡು ಬಂದ ಅತಿಥಿಗಳೇ, ಅಜ್ಜಿಯರೇ, ಮಕ್ಕಳೇ, ನೆಚ್ಚಿನ ಸಭಿಕರೇ,

ನಮ್ಮ ಗ್ರಂಥಾಲಯಕ್ಕೆ ಇಂದು ಹತ್ತು ವರ್ಷ. ಹತ್ತು ನಿಮಿಷ ಮಾತಾಡಿ ಎಂದಿದ್ದಾರೆ. ಮೂವತ್ತು ವರ್ಷ ಪಾಠ ಹೇಳಿದವಳಿಗೆ ಹತ್ತು ನಿಮಿಷ ಸಾಕೇ? ಭಾವನವರೇ, ನಿದ್ದೆ ಬಂದರೆ ಮಾಡಿ, ಸಂಕೋಚ ಬೇಡ.

ಈ ಕಟ್ಟಡದಲ್ಲಿ ಮೊದಲು ಕಾಫಿ ಮೂಟೆಗಳಿದ್ದವು. ಇವತ್ತಿಗೂ ಮಧ್ಯಾಹ್ನ ತಗಡು ಕಾದಾಗ ಗೋಡೆಗಳಿಂದ ಕಾಫಿಯ ವಾಸನೆ ಏಳುತ್ತದೆ. ಆ ಹೊತ್ತಿಗೆ ಮಕ್ಕಳು ಚಾಪೆಯ ಮೇಲೆ ಮಲಗಿ ಓದುತ್ತಾರೆ. ಓದುತ್ತ ಓದುತ್ತ ಕಣ್ಣು ಮುಚ್ಚುತ್ತದೆ, ತುಟಿ ಮಾತ್ರ ಅಲುಗುತ್ತಿರುತ್ತದೆ. ಎಲ್ಲಿಯವರೆಗೆ ಓದು, ಎಲ್ಲಿಂದ ಕನಸು? ನನಗೆ ಇಂದಿಗೂ ತಿಳಿದಿಲ್ಲ. ತಿಳಿಯಲೇಬೇಕೇ?

ಮೇಲಿನ ಸಾಲುಗಳಲ್ಲಿ ಕಥೆ, ವಿಜ್ಞಾನ, ಭೂಪಟ. ಕೆಳಗಿನ ಸಾಲಿನಲ್ಲಿ ಅಮ್ಮಂದಿರು. ಆ ಏಡ್ಸ್ ರೋಗದ ವರ್ಷಗಳಲ್ಲಿ ಔಷಧ ಇನ್ನೂ ನಮ್ಮೂರಿಗೆ ಬಂದಿರಲಿಲ್ಲ. ಉಳಿಯುವುದಿಲ್ಲವೆಂದು ಗೊತ್ತಾದ ತಾಯಂದಿರು ಶಾಲೆಯ ನೋಟುಪುಸ್ತಕಗಳಲ್ಲಿ ಮಕ್ಕಳಿಗಾಗಿ ಬರೆದಿಟ್ಟರು: ನಿನ್ನ ಬೆಡಗು ಯಾವುದು, ನೀನು ಹುಟ್ಟಿದ ದಿನ ಏನಾಯಿತು, ನಿನ್ನ ನಗು ಯಾರದು. ನಾವು ಅದನ್ನು ನೆನಪಿನ ಪುಸ್ತಕ ಎನ್ನುತ್ತೇವೆ. ಮನೆಯಲ್ಲಿದ್ದರೆ ಗೆದ್ದಲು ತಿನ್ನುತ್ತದೆಂದು ಅಜ್ಜಿಯರು ತಂದು ಇಲ್ಲಿಟ್ಟರು. ಮಕ್ಕಳು ಬಂದು ತಮ್ಮ ತಮ್ಮ ಅಮ್ಮನನ್ನು ಓದಿಕೊಂಡು ಹೋಗುತ್ತಾರೆ.

ಕಿಸಾಕ್ಯೆಗೆ ಅಂಥ ಪುಸ್ತಕವಿರಲಿಲ್ಲ. ಮೂರನೇ ಸಾಲಿನಲ್ಲಿ ಕಿಟಕಿಯ ಪಕ್ಕ ಕುಳಿತಿದ್ದಾಳಲ್ಲ, ಅವಳೇ. ಚರ್ಚಿನ ಮೆಟ್ಟಿಲ ಮೇಲೆ ಸಿಕ್ಕ ಕೂಸು. ತಂದೆ ಯಾರೋ, ಬೆಡಗು ಯಾವುದೋ. ನಮ್ಮಲ್ಲಿ ಯಾರೇ ಸಿಕ್ಕರೂ ಮೊದಲು ಕೇಳುವುದೇನು? "ಯಾವ ಬೆಡಗಿನವಳೇ?" ಆಗೆಲ್ಲ ಈ ಮಗು ನೆಲ ನೋಡುತ್ತಿತ್ತು.

ಅವಳಿಗೆ ಎಂಟು ವರ್ಷವಿದ್ದಾಗ ಒಂದು ಮಧ್ಯಾಹ್ನ ಬೇಯಿಸಿದ ಬಾಳೆಕಾಯಿ, ಕಡಲೆಬೀಜದ ಗೊಜ್ಜಿನಲ್ಲಿ ಅಣಬೆ ಬಡಿಸಿದೆ. ಬೆಳಗಿನಿಂದ ಏನೂ ತಿಂದಿರದ ಹುಡುಗಿ ಮಂಡಿಯೂರಿ ತಟ್ಟೆ ಹಿಂದಕ್ಕೆ ಕೊಟ್ಟಳು.

"ಯಾಕೇ, ಸೊಕ್ಕಾ?" ಎಂದೆ.

"ಇಲ್ಲ ಟೀಚರ್. ನಮ್ದು ಅಣಬೆ ಬೆಡಗು. ನಾವು ಅಣಬೆ ತಿನ್ನಂಗಿಲ್ಲ."

"ಯಾರೇ ಹೇಳಿದ್ದು ನಿಂಗೆ?"

"ಅಮ್ಮ ಬರೆದಿಟ್ಟವ್ಳೆ. ಕೆಳಗಿನ ಸಾಲಲ್ಲಿ ಹೆಸರಿಲ್ದೇ ಇರೋ ಅಮ್ಮ. ಅವಳನ್ನ ಓದೋಕೆ ಯಾರೂ ಬರಲ್ಲ ಟೀಚರ್. ಅದಕ್ಕೇ ನಾನು ಓದ್ತೀನಿ."

ಹೆಸರಿದ್ದ ಮೊದಲ ಪುಟವನ್ನೇ ಗೆದ್ದಲು ತಿಂದಿದ್ದ ಪುಸ್ತಕ ಅದು. ಬೇರೆಯವರ ಅಮ್ಮನನ್ನು ಓದಬಾರದೆಂಬುದು ನಮ್ಮ ನಿಯಮ. ಆದರೂ ಬೈಯದೆ, ಬೇರೆ ತಟ್ಟೆಗೆ ಬರೀ ಬಾಳೆಕಾಯಿ ಬಡಿಸಿದೆ. ಆರು ವರ್ಷವಾಯಿತು, ಹುಡುಗಿ ಅಣಬೆ ಮುಟ್ಟಿಲ್ಲ. ಆ ಬೆಡಗಿನ ಹುಡುಗರನ್ನೆಲ್ಲ ಅಣ್ಣ ಎಂದು ಕರೆದು ಅವರ ಹಲಸಿನ ಹಣ್ಣಿನಲ್ಲಿ ಪಾಲನ್ನೂ ಕೇಳುತ್ತಾಳೆ. ಬೆಡಗೆಂದ ಮೇಲೆ ಹಕ್ಕು ಬೇಡವೇ?

ಹೋದ ವಾರ ಭಾವನವರು ಅವಳನ್ನು ತಡೆದು, "ನಮ್ಮ ಬೆಡಗು ನಿಂಗೆ ಯಾರಮ್ಮಾ ಕೊಟ್ಟೋರು? ಇನ್ಮೇಲೆ ಹಂಗನ್ಬೇಡ" ಎಂದರಂತೆ. ಅಂದಿನಿಂದ ಅವಳು ಕೆಳಗಿನ ಸಾಲಿನ ಹತ್ತಿರ ಸುಳಿದಿಲ್ಲ. ಭಾವನವರೇ, ನಾನು ಅದನ್ನು ಬರೆಯುವಾಗ ಪೆನ್ನು ತಂದುಕೊಟ್ಟವರೇ ನೀವು...

ಅಯ್ಯೋ. ಬಾಯಿ ಜಾರಿತು.

ಹೌದು, ಆ ಪುಸ್ತಕ ನನ್ನದು. ನನ್ನ ಮಗಳು ನಮಿರೆಂಬೆಗೆ ಬರೆದದ್ದು. ನಾನು ಹೋಗುತ್ತೇನೆ, ಅವಳು ಉಳಿಯುತ್ತಾಳೆ ಎಂದುಕೊಂಡಿದ್ದೆ. ಮಲೇರಿಯಾ ಅವಳನ್ನು ನಾಲ್ಕೇ ದಿನದಲ್ಲಿ ಒಯ್ದಿತು. ಮರುವರ್ಷ ಔಷಧ ಬಂತು, ನಾನು ಉಳಿದೆ. ಓದುವವರಿಲ್ಲದ ಪುಸ್ತಕವನ್ನು ಸಾಲಿನ ಕೊನೆಗೆ ತಳ್ಳಿಟ್ಟೆ. "ನೀನು ಹುಟ್ಟಿದ ಬೆಳಿಗ್ಗೆ ಬಾಳೆತೋಟದ ಮಂಜಿನಲ್ಲಿ ಕೊಕ್ಕರೆಗಳು ಇಳಿದು ಕುಣಿದವು" ಎಂದು ಕಿಸಾಕ್ಯೆ ಚಾಪೆಯ ಮೇಲೆ ಪಿಸುಗುಟ್ಟುತ್ತಿದ್ದರೆ, ನಾನು ಮೇಜಿನ ಹಿಂದೆ ಕಣ್ಣು ಮುಚ್ಚಿ ಕೂರುತ್ತಿದ್ದೆ. ಕೊಕ್ಕರೆಗಳು ಮತ್ತೆ ಇಳಿಯುತ್ತಿದ್ದವು. ಬರೆದವಳು ನಾನೇ ಎಂದು ಹೇಳಿಬಿಟ್ಟರೆ ಅವಳ ಅಮ್ಮ ಎಲ್ಲಿ ಕೈತಪ್ಪಿ ಹೋಗುತ್ತಾಳೋ ಎಂದು ಹೆದರಿ ಸುಮ್ಮನಿದ್ದೆ.

ಬೆಡಗು ಯಾರು ಕೊಟ್ಟರೆಂದು ಕೇಳಿದಿರಲ್ಲ ಭಾವನವರೇ, ನಾನು ಕೊಟ್ಟೆ. ಕೊಡುವ ಅಧಿಕಾರ ನನಗಿಲ್ಲ, ಹಿರಿಯರಾದ ನಿಮಗಿದೆ. ಇಷ್ಟು ಜನರ ಮುಂದೆ ಕೇಳುತ್ತಿದ್ದೇನೆ, ಇಲ್ಲವೆನ್ನಬೇಡಿ.

ಕಿಸಾಕ್ಯೆ, ಎದ್ದು ಹೋಗ್ಬೇಡ ಕಣೇ, ಕೂತ್ಕೋ. ಅದರಲ್ಲಿ ಬರೆದಿದ್ದೆಲ್ಲ ನಿಜ. ಸಾಯ್ತೀನಿ ಅಂದಿದ್ದು ಮಾತ್ರ ಸುಳ್ಳಾಯ್ತು.

ಸಭಿಕರೇ, ಇಷ್ಟು ಹೊತ್ತು ತಾಳಿಕೊಂಡಿರಿ, ನಿಮ್ಮ ಉಪಕಾರ ದೊಡ್ಡದು. ಭಾವನವರು ವೇದಿಕೆ ಇಳಿದು ಮೂರನೇ ಸಾಲಿನ ಕಡೆಗೆ ಹೋಗುತ್ತಿದ್ದಾರೆ. ನನ್ನ ಮಾತು ಇಲ್ಲಿಗೆ ಸಾಕು. ನಮಸ್ಕಾರ.