ಮಾರ್ಕ್ಸ್ ಕಾರ್ಡಿಗೆ ಕುಂಕುಮ

ಅಣ್ಣಿಗೇರಿ ಬಸ್ ನಿಲ್ದಾಣದಲ್ಲಿ ನವಲಗುಂದದ ಬಸ್ಸಿಗೆ ಕಾದು ಕಾದು ಭೀಮಶಿಯ ತಲೆ ಕೆಟ್ಟಿತ್ತು. ಅಷ್ಟರಲ್ಲಿ ಶಲವಡಿಯಿಂದ ಬಂದಿಳಿದ ತಾಯಿ ಮಗಳು ಬಾಜೂ ಕಟ್ಟೆಯ ಮೇಲೆ ಕೂತರು. ಮಗಳು ಫೈಲು ತೆರೆದವಳೇ ದಂಗಾದಳು.

“ಯವ್ವಾ, ಮಾರ್ಕ್ಸ್ ಕಾರ್ಡಿಗೆ ಕುಂಕುಮ ಹಚ್ಚಿಯೇನ?”

“ಜಗಲಿ ಮ್ಯಾಲಿಟ್ಟು ಪೂಜಿ ಮಾಡಿದೆ. ಕುಂಕುಮ ಹೆಚ್ಚಾತು. ಒದ್ದಿ ಸೆರಗಿಲೆ ಒರಸಿದೆ.”

“ನನ್ನ ಹೆಸರ ಕಾಣವಲ್ದಲ್ಲ ಬೇ! ಇವತ್ತ ಹುಬ್ಬಳ್ಳಿ ದವಾಖಾನ್ಯಾಗ ಕೆಲಸಕ್ಕ ಮೊದಲ ಇದನ್ನ ಕೇಳ್ತಾರ.”

ಎಂಥ ಹೆಂಗಸಪ್ಪಾ ಇವಳು, ಎಂಬ ಬೈಗುಳ ಭೀಮಶಿಯ ನಾಲಿಗೆಯ ತುದಿಗೆ ಬಂತು.

“ಮೂರ ಸಲ ಪೂಜಿ ಮಾಡದ ಹಂಗ ಕಳಿಸಿದ್ದೆ,” ಎಂದಳು ತಾಯಿ. “ ಮೂರೂ ಸಲ ಕೆಲಸ ಸಿಗಲಿಲ್ಲಂತ ಅಳಕೋತ ಬಂದಿ.”

“ನಾ ಎಲ್ಲಿ ಅತ್ತೆ? ಬಿಸಲಿಗೆ ಕಣ್ಣ ಕೆಂಪಾಗಿದ್ವು.”

“ಹಡದಾಕಿಗೆ ಹೇಳಬ್ಯಾಡ ಅದನ್ನ. ಈ ಸಲ ನಾನ ಕೆಡಿಸಿದೆ.”

ಮಗಳು ಫೈಲು ಮುಚ್ಚಿದಳು.

“ಕೆಡಸಿಲ್ಲ ತಗಿ. ರಕ್ತ ಪರೀಕ್ಷಾ ಮಾಡಾಕ ಬರ್ತದ, ಮಾಡಿ ತೋರಸ್ತೀನಿ. ಇದನ್ಯಾರು ಹಚ್ಯಾರ ಅಂದ್ರ ನಮ್ಮವ್ವ ಅಂತೀನಿ.”

“ನಗತಾರ.”

“ನಗಲಿ. ನಗಾವ್ರು ಲಗೂನ ಎದ್ದು ಹೋಗು ಅನ್ನೂದಿಲ್ಲ.”

“ಬ್ಯಾಡ ಅಂದ್ರ?”

“ಧಾರವಾಡಕ್ಕ ಹೋಗಿ ಬ್ಯಾರೆ ಕಾರ್ಡ ಮಾಡಸೂಣು. ಮತ್ತ ಹುಡುಕೂಣು. ಏಳ, ಬಸ್ ಬಂತು.”

ಹುಬ್ಬಳ್ಳಿ ಬಸ್ಸಿನ ಬಾಗಿಲಿಗೆ ಮಂದಿ ಮುಗಿಬಿದ್ದರು.

“ಲೇ, ಸರೀರ್ಲೇ! ಹೆಣ್ಮಕ್ಕಳು ಹತ್ತಲಿ!” ಎಂದು ಭೀಮಶಿ ಗದರಿದ ಸದ್ದಿಗೆ ಮಂದಿ ದಾರಿ ಬಿಟ್ಟರು.

ಮಗಳು ತಾಯಿಯನ್ನು ಕಿಟಕಿಯ ಬಳಿ ಕೂರಿಸಿ, ಫೈಲನ್ನು ಅವಳ ಮಡಿಲಿಗಿಟ್ಟಳು.

“ನಾ ಹಿಡಿಯಾಂಗಿಲ್ಲ,” ಎಂದು ತಾಯಿ ಕೈ ಹಿಂದೆಳೆದುಕೊಂಡಳು.

“ನೀನ ಹಿಡಕೋಬೇ,” ಎಂದಳು ಮಗಳು. ಬಸ್ಸು ಹೊರಟಿತು.