ಎಣ್ಣೆ ಹಚ್ಚದ ತಲೆ

ಮಿದುಳಿನ ಅಲೆಗಳನ್ನು ದಾಖಲಿಸುವ ಕೋಣೆಯ ಹೊರಗೆ, ಎಣ್ಣೆ ಕಾಣದ ಕೂದಲು ಕೆದರಿಕೊಂಡು ದರ್ಜಿ ತನ್ನ ಸರದಿಗೆ ಕಾಯುತ್ತಿದ್ದ. ಪರರ ಮಾತು ಕದ್ದು ಕೇಳುವವನಲ್ಲ ಅವನು. ಆದರೆ ಕಿವಿಗೇನು ಬಾಗಿಲಿದೆಯೇ? ಪಕ್ಕದಲ್ಲಿ ಕೂತ ಮುದುಕಿ ಮೂರನೇ ಸಲ ತನ್ನ ಮಗಳನ್ನೇ ‘ಯಾರಮ್ಮ ನೀನು?’ ಎಂದು ಕೇಳುತ್ತಿದ್ದಳು.

ಟೆಕ್ನಿಷಿಯನ್ ಎರಡು ಕಾಗದ ಹಿಡಿದು ಹೊರಬಂದ.

“ಅಮ್ಮಂದು ಹೇಗಿದೆ?” ಎಂದಳು ಮಗಳು.

“ಅಲೆ ನಿಧಾನವಾಗೇ ಇದೆ. ಹೋದ ಸಲಕ್ಕಿಂತ ಹೆಚ್ಚೇನೂ ಕೆಟ್ಟಿಲ್ಲ.”

“ಸದ್ಯ, ಬದುಕಿದೆ ಬಿಡಿ! ಇನ್ನೊಂದು ಅವರ ಹಳೇದಲ್ವಾ? ಸಾರಿಗೆ ಎರಡೆರಡು ಸಲ ಉಪ್ಪು ಹಾಕೋಕೆ ಶುರು ಮಾಡಿದಾಗ ತೆಗ್ಸಿದ್ದು. ಹೀಗೇ ಇತ್ತು.”

“ಇದು ನಿಮ್ಮದು. ಹೋಲಿಸಿ ನೋಡೋಕೆ ಅಂತ ಮೊನ್ನೆ ನಿಮ್ಮದೂ ತೆಗೆದ್ವಲ್ಲ.”

“ಅದಲುಬದಲಾಗಿರ್ಬೇಕು.”

“ನಾನೂ ಹಾಗೇ ಅಂದ್ಕೊಂಡೆ. ಎರಡು ಸಲ ನೋಡ್ದೆ.”

“ಆವತ್ತು ನಿದ್ದೆಗೆಟ್ಟಿದ್ದೆ.”

“ಇರ್ಬಹುದು. ಅದಕ್ಕೇ ಇನ್ನೊಂದ್ಸಲ ತೆಗೀಬೇಕು ಅಂತಾರೆ ಡಾಕ್ಟ್ರು. ಗುರುವಾರ ಬನ್ನಿ.”

“ಅಮ್ಮನ್ನ ಕರ್ಕೊಂಡಾ?”

“ಅವರು ಬೇಡ. ನಿಮ್ಮ ಜೊತೆಗೆ ಬೇರೆ ಯಾರಾದ್ರೂ ಇರ್ಲಿ.”

ಮಗಳು ಎದ್ದು ತಾಯಿಯನ್ನು ಎಬ್ಬಿಸಿದಳು. ಬಾಗಿಲ ಹತ್ತಿರ ಮುದುಕಿ ನಿಂತು, ಮಗಳ ಜಡೆಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು.

“ಗುರುವಾರ ತಲೆಗೆ ಎಣ್ಣೆ ಹಚ್ಕೋಬೇಡ ಪುಟ್ಟಿ. ತಂತಿ ಅಂಟಲ್ಲ.”